ಏಪ್ರಿಲ್‌ಗೆ ನೀರಿದೆಯಾ? ಊರಿನ ಲೆಕ್ಕ ನೀವೇ ಹಾಕಿ

"ನಿಮಗೆ ನೀರಿನ ತೊಂದರೆ ಇದೆಯಾ?" ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಹೀಗೆ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಅಂಗಳದಲ್ಲೇ ನೀರು ಹರಿಯುತ್ತಿರುತ್ತದೆ ಅಲ್ವಾ? ಮಾರ್ಚ್ ಕೊನೆಯಲ್ಲಿ ಕೇಳಿದರೆ ಉತ್ತರವೇ ಬೇರೆ. ಹೊಳೆ ಬಂಡೆಗಳ ನಡುವೆ ಸೊರಗಿರುತ್ತದೆ. ಎಷ್ಟೋ ಬಾವಿಗಳ ತಳ ಕಾಣುತ್ತಿರುತ್ತದೆ. ಅದೇ ಹೊತ್ತಿಗೆ ತೋಟಗಳಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ.

ಯಾರ ಮನೆಯಲ್ಲಿ ಎಷ್ಟು ದಿನದ ನೀರಿದೆ ಎಂಬ ಲೆಕ್ಕ ಊರಿನ ಕೈಯಲ್ಲಿದ್ದರೆ, ಟ್ಯಾಂಕರ್ ಮೊದಲು ಎಲ್ಲಿಗೆ ಹೋಗಬೇಕು ಎಂದು ಜಗಳವಿಲ್ಲದೆ ತೀರ್ಮಾನಿಸಬಹುದು. ಈ ಲೆಕ್ಕಕ್ಕೆ ಹೊರಗಿನವರು ಬರಬೇಕಿಲ್ಲ. ಊರಿನ ನಾಲ್ಕೈದು ಜನ, ಒಂದು ಟೇಪು, ಗಂಟು ಹಾಕಿದ ಒಂದು ಹಗ್ಗ, ಒಂದು ನೋಟ್‌ಬುಕ್ ಸಾಕು.

ಯಾವಾಗ ಹೊರಡಬೇಕು?

ನವೆಂಬರ್ ಒಳ್ಳೆಯದು. ಮಳೆ ಕಡಿಮೆಯಾಗಿರುತ್ತದೆ, ಕುಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಸೋರುವ ತೊಟ್ಟಿ ರಿಪೇರಿ ಮಾಡಿಸಲು, ಇನ್ನೊಂದು ಟ್ಯಾಂಕ್ ಇಡಿಸಲು ಕೈಯಲ್ಲಿ ಸಮಯವೂ ಇರುತ್ತದೆ. ಸಂಜೆ ಹೊತ್ತು ಹೋಗಿ. ಹಗಲು ಹೋದರೆ ಕೂಲಿಗೆ ಹೋದವರು ಸಿಗುವುದಿಲ್ಲ, ಅವರ ಉತ್ತರವೇ ತಪ್ಪಿಹೋಗುತ್ತದೆ.

ಯಾರನ್ನು ಕೇಳಬೇಕು?

ಇಲ್ಲಿ ಜಾಸ್ತಿ ಎಚ್ಚರ ಬೇಕು. ನಾವು ಮೊದಲ ಸಲ ಹೊರಟಾಗ ಒಂದು ತೋಟದ ಗೇಟಿನಲ್ಲೇ ನಿಂತು, ಕೆಲಸಗಾರರ ಸಾಲು ಮನೆಗಳ (ಲೈನ್ ಮನೆ) ಬಗ್ಗೆಯೂ ಮಾಲೀಕರನ್ನೇ ಕೇಳಿ ಬಂದೆವು. "ಲೈನ್ ಮನೆಗಳಿಗೂ ನಮ್ಮ ಬೋರ್‌ವೆಲ್ ನೀರೇ, ಏನೂ ತೊಂದರೆ ಇಲ್ಲ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಆದರೆ ಆಮೇಲೆ ಲೈನ್ ಮನೆಯ ಅಕ್ಕನೊಬ್ಬರು ಬೇರೆಯೇ ಹೇಳಿದರು. ಕರೆಂಟ್ ಹೋದ ದಿನ ಬೋರ್ ಓಡುವುದಿಲ್ಲ, ಅವತ್ತು ಅವರು ಇಳಿಜಾರು ಇಳಿದು ತೋಡಿನಿಂದ ನೀರು ತರುತ್ತಾರಂತೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು: ಕೊಡ ಹೊರುವವರನ್ನೇ ಕೇಳಬೇಕು. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸರು.

ಊರು ದೊಡ್ಡದಾಗಿದ್ದರೆ ಎಲ್ಲ ಮನೆಗೂ ಹೋಗಲಾಗದು. ಆಗ ಮನೆಗಳನ್ನು ಗುಂಪು ಮಾಡಿ: ಪೇಟೆ ಬದಿಯ ಮನೆಗಳು, ಬೆಟ್ಟದ ಮೇಲಿನವು, ಹೊಳೆ ಹತ್ತಿರದವು, ಲೈನ್ ಮನೆಗಳು, ಬುಡಕಟ್ಟು ಜನರ ಹಾಡಿಗಳು. ಪ್ರತಿ ಗುಂಪಿನಲ್ಲೂ ಐದಕ್ಕೊಂದು ಮನೆ ಆರಿಸಿ. ಪರಿಚಯದವರ ಮನೆಗೇ ಹೋಗುವ ಆಸೆ ಬರುತ್ತದೆ, ಹಾಗೆ ಮಾಡಬೇಡಿ. ತಂಡದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವರ ಮಾತು ಬಲ್ಲವರು ಇದ್ದರೆ ಅರ್ಧ ಕೆಲಸ ಆದಂತೆ.

ಹೇಗೆ ಕೇಳಬೇಕು?

"ನೀವು ಬರಗಾಲಕ್ಕೆ ಸಿದ್ಧರಿದ್ದೀರಾ?" ಎಂದು ಕೇಳಿ ಪ್ರಯೋಜನವಿಲ್ಲ. ಮರ್ಯಾದೆಗೆ ಹೌದು ಅನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ಏನು ನಡೆಯಿತು ಎಂದು ಕೇಳಿ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು? ಬಾರದ ದಿನ ಎಲ್ಲಿಂದ ತಂದಿರಿ? ಯಾರು ತಂದರು, ಎಷ್ಟು ಕೊಡ? ಟ್ಯಾಂಕರ್‌ಗೆ ದುಡ್ಡು ಕೊಟ್ಟಿರಾ? ದನಕರುಗಳಿಗೆ ಏನು ಮಾಡಿದಿರಿ?

ತಾರೀಕು ಯಾರಿಗೂ ನೆನಪಿರುವುದಿಲ್ಲ. "ಹೂಮಳೆ ಬೀಳುವ ಮೊದಲಾ, ಆಮೇಲಾ?" "ಎಡಮ್ಯಾರ್ ಹೊತ್ತಿಗೆ ಬಾವಿಯಲ್ಲಿ ಎಷ್ಟು ನೀರಿತ್ತು?" ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ. (ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಎಡಮ್ಯಾರ್ ಎಂದರೆ ಏಪ್ರಿಲ್ ಮಧ್ಯದ ಕೊಡವ ಹೊಸ ವರ್ಷ.) ಪ್ರಶ್ನೆಗಳನ್ನು ಮೊದಲು ಐದಾರು ಮನೆಗಳಲ್ಲಿ ಕೇಳಿ ನೋಡಿ, ಅರ್ಥವಾಗದ್ದನ್ನು ತಿದ್ದಿ. ಹೆಸರು ಬರೆಯಬೇಡಿ, ಮನೆಗೊಂದು ನಂಬರ್ ಕೊಡಿ.

ಸಂಗ್ರಹವನ್ನು ಅಳೆಯಿರಿ

ನೀರು ಎಷ್ಟಿದೆ ಎಂದು ಕೇಳಿದರೆ "ಸುಮಾರಾಗಿ ಇದೆ" ಎಂಬ ಉತ್ತರ ಬರುತ್ತದೆ. ಆದ್ದರಿಂದ ಟೇಪು ಹಿಡಿಯಿರಿ. ತೊಟ್ಟಿಯ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಅದನ್ನು 28ರಿಂದ ಗುಣಿಸಿದರೆ ಸುಮಾರು ಎಷ್ಟು ಲೀಟರ್ ಎಂದು ಗೊತ್ತಾಗುತ್ತದೆ. 6 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರು ಎಂದರೆ ಸುಮಾರು 800 ಲೀಟರ್.

ಈಗ ದಿನದ ಲೆಕ್ಕ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟಿದೆ. ಐದು ಜನರ ಮನೆಗೆ 275 ಲೀಟರ್ ಬೇಕು. ಅಂದರೆ ಚಾವಣಿ ಮೇಲಿನ 1,000 ಲೀಟರ್ ಟ್ಯಾಂಕ್ ನಾಲ್ಕು ದಿನಕ್ಕೂ ಸಾಲುವುದಿಲ್ಲ! ಪ್ರತಿ ಮನೆಯ ಮುಂದೆ "ಇಷ್ಟು ದಿನ" ಎಂದು ಬರೆಯಿರಿ. ಇಡೀ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಅಂಕಿ ಇದು.

ತೋಟದ ನೀರನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೆ ಒಂದು ಲಕ್ಷ ಲೀಟರ್‌ಗೂ ಸ್ವಲ್ಪ ಜಾಸ್ತಿ. ಅದು ಆ ಐದು ಜನರ ಮನೆಗೆ ಒಂದು ವರ್ಷಕ್ಕೆ ಆಗುವಷ್ಟು ನೀರು. ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದರೆ ಮನೆಗಳ ಕೊರತೆ ಕಾಣದೇ ಹೋಗುತ್ತದೆ. ಹಾಗಂತ ಬೆಳೆಗಾರರ ಮೇಲೆ ತಪ್ಪು ಹೊರಿಸುವ ಧಾಟಿಯಲ್ಲಿ ಕೇಳಬೇಡಿ. ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಯ ಫಸಲೇ ಹೋಗುತ್ತದೆ, ಅವರ ಆತಂಕವೂ ನಿಜ. ನೀರು ಕೆರೆಯದ್ದೋ, ಹೊಳೆಯದ್ದೋ, ಬೋರಿನದ್ದೋ ಎಂದು ಕೇಳಿ. ಎಷ್ಟೋ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಕೈಮುಗಿದು ಕೇಳಿ, ನೋಡಿ, ಬರೆದುಕೊಳ್ಳಿ.

ಆಮೇಲೆ?

ಊರಿನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬಿಡಿಸಿ. ಏಳು ದಿನಕ್ಕಿಂತ ಕಡಿಮೆ ನೀರಿರುವ ಮನೆಗಳು ಎಲ್ಲಿ ಜಾಸ್ತಿ ಇವೆಯೋ ಆ ಕಡೆಗೆ ಕೆಂಪು ಬಣ್ಣ ಹಚ್ಚಿ. ಅದನ್ನು ಗ್ರಾಮಸಭೆಗೆ ಒಯ್ಯಿರಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ವಾಟರ್‌ಮ್ಯಾನ್ ಇಬ್ಬರಿಗೂ ತೋರಿಸಿ. ಉತ್ತರ ಕೊಟ್ಟವರಿಗೂ ಹೋಗಿ ಹೇಳಿ. ಅವರು ಸಂಜೆಯ ಹೊತ್ತು ಬಿಟ್ಟು ಕೂತು ಮಾತಾಡಿದ್ದಾರೆ.

ನವೆಂಬರ್‌ನಲ್ಲಿ ಅಳೆದ ಬಾವಿಗಳಲ್ಲಿ ಹತ್ತನ್ನು ಏಪ್ರಿಲ್ ಮೊದಲ ವಾರ ಮತ್ತೆ ಅಳೆಯಿರಿ. ಹಗ್ಗ ಅದೇ ಇರಲಿ, ಬಾವಿಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ ಅಲ್ಲಿಂದಲೇ ಹಗ್ಗ ಇಳಿಸಿ. ಗುರುತು ತಪ್ಪಿದರೆ ಎರಡು ಅಳತೆಗಳನ್ನು ಹೋಲಿಸಲು ಬರುವುದಿಲ್ಲ.