ಕಡಿಮೆ ಓಡಿದ ಹಳೆಯ ಕಾರಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

‘2019ರ ಮಾಡೆಲ್, ಒಬ್ಬರೇ ಮಾಲೀಕರು, ಕೇವಲ 24,000 ಕಿ.ಮೀ.’ ಎಂಬಂಥ ಜಾಹೀರಾತು ಕಂಡಾಗ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿರುವ ಯಾರ ಕಣ್ಣಾದರೂ ಅಲ್ಲಿಯೇ ನಿಲ್ಲುತ್ತದೆ. ಮುಂಬಯಿಯಲ್ಲಿ ಇಂಥ ಕಾರುಗಳು ನಿಜವಾಗಿಯೂ ಸಿಗುತ್ತವೆ. ಡೊಂಬಿವಲಿ, ಥಾಣೆ, ಮುಲುಂಡ್, ಮೀರಾರೋಡ್ ಕಡೆಯ ಎಷ್ಟೋ ಮನೆಗಳಲ್ಲಿ ದುಡಿಯುವವರು ವಾರವಿಡೀ ಲೋಕಲ್ ರೈಲಿನಲ್ಲಿ ಓಡಾಡುತ್ತಾರೆ. ಕಾರು ಹೊರಗೆ ಬರುವುದು ಭಾನುವಾರದ ಸಮಾರಂಭಕ್ಕೆ, ಆಸ್ಪತ್ರೆಗೆ, ಊರಿನಿಂದ ಬಂದವರನ್ನು ಸ್ಟೇಷನ್ನಿನಿಂದ ಕರೆತರುವುದಕ್ಕೆ ಮಾತ್ರ. ಆದ್ದರಿಂದ ಕಿಲೋಮೀಟರು ಕಡಿಮೆ ಇದೆ ಎಂಬ ಕಾರಣಕ್ಕೇ ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ ಎಂದು ತೀರ್ಮಾನಿಸುವುದು ಸರಿಯಲ್ಲ. ಆದರೆ ಸಂಖ್ಯೆ ನಿಜವಾಗಿದ್ದರೂ ಅದಕ್ಕಾಗಿ ಒಂದು ಲಕ್ಷ ರೂಪಾಯಿ ಹೆಚ್ಚು ಕೊಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಕಾರಿಗೆ ಮೊದಲು ಅದರ ವಯಸ್ಸಿನ ಮೇಲೆ ಬೆಲೆ ಕಟ್ಟಬೇಕು, ಕಡಿಮೆ ಓಡಿದ್ದಕ್ಕೆ ಅದರ ಮೇಲೆ ಸ್ವಲ್ಪ ಮಾತ್ರ ಸೇರಿಸಬೇಕು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಅದು ಏಕೆ, ಹೇಗೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಕಾಗದಪತ್ರ

ಕಾರು ನೋಡಲು ಹೋಗುವ ಮೊದಲೇ ಅದರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಬೇಕು. ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕರು, ವಿಮೆ ಮತ್ತು ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಎಲ್ಲಿಯವರೆಗೆ ಇವೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ದಾಖಲೆಯಲ್ಲಿ ಉಳಿದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಬ್ಯಾಂಕಿನ ಹೆಸರು ಉಳಿದಿದ್ದರೆ, ಸಾಲ ತೀರಿದೆ ಎಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೆಯೇ ಹಣದ ಮಾತು ಮುಂದುವರಿಯಬೇಕು. ಮಹಾರಾಷ್ಟ್ರ ಸಂಚಾರ ಪೊಲೀಸರ ಇ-ಚಲನ್ ತಾಣದಲ್ಲಿ ಬಾಕಿ ದಂಡ ಎಷ್ಟಿದೆ ಎಂದೂ ನೋಡಿಕೊಳ್ಳುವುದು ಒಳ್ಳೆಯದು.

ಇದೇ ಹಂತದಲ್ಲಿ ಕಾರು ತಯಾರಾದ ತಿಂಗಳನ್ನೂ ಆರ್‌ಸಿಯಲ್ಲಿ ಗಮನಿಸಬೇಕು. 2018ರ ಕೊನೆಯಲ್ಲಿ ತಯಾರಾಗಿ 2019ರ ನಡುವೆ ನೋಂದಣಿಯಾದ ಕಾರನ್ನು ಮಾರುವವರು 2019ರ ಮಾಡೆಲ್ ಎಂದೇ ಹೇಳುತ್ತಾರೆ, ಆದರೆ ಮುಂದೆ ನೀವು ಮಾರುವಾಗ ಕೊಳ್ಳುವವರು ಅದನ್ನು 2018ರದ್ದೆಂದೇ ಲೆಕ್ಕ ಹಿಡಿಯುತ್ತಾರೆ.

ಸರ್ವಿಸ್ ಬಿಲ್ಲುಗಳನ್ನು ಎಣಿಸಿ

ಮೀಟರಿನ ಸಂಖ್ಯೆ ನಿಜವೋ ಅಲ್ಲವೋ ಎಂಬುದಕ್ಕೆ ಸರ್ವಿಸ್ ಬಿಲ್ಲುಗಳಿಗಿಂತ ದೊಡ್ಡ ಸಾಕ್ಷಿ ಇಲ್ಲ. ಪ್ರತಿ ಬಿಲ್ಲಿನಲ್ಲಿ ದಿನಾಂಕದ ಜೊತೆ ಆ ದಿನ ಮೀಟರ್ ತೋರಿಸುತ್ತಿದ್ದ ಕಿಲೋಮೀಟರನ್ನು ಬರೆದಿರುತ್ತಾರೆ. ಬಿಲ್ಲುಗಳನ್ನು ದಿನಾಂಕದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಓಟ ವರ್ಷದಿಂದ ವರ್ಷಕ್ಕೆ ಒಂದೇ ಹದದಲ್ಲಿ ಏರಿದೆಯೇ, ಅಥವಾ ಮೂರು ವರ್ಷ ಚೆನ್ನಾಗಿ ಓಡಿದ ಕಾರು ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿದೆಯೇ ಎಂಬುದು ಸ್ಪಷ್ಟವಾಗುತ್ತದೆ. 2020ರ ಮಾರ್ಚ್ ಅಂತ್ಯದಿಂದ ಆರಂಭವಾದ ಲಾಕ್‌ಡೌನ್ ಕಾಲದಲ್ಲಿ ಓಟ ಬಹುತೇಕ ನಿಂತಿದ್ದರೆ ಅದು ಸಹಜ. ಬೇರೆ ವರ್ಷಗಳ ನಿಲುಗಡೆಗೆ ಮಾಲೀಕರು ಕಾರಣ ಹೇಳಬೇಕು. ಬಿಲ್ಲು ಕಳೆದುಹೋಗಿದೆ ಎಂದರೆ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಮಾಲೀಕರೊಂದಿಗೇ ಹೋಗಿ ಕಂಪ್ಯೂಟರಿನಲ್ಲಿರುವ ಇತಿಹಾಸವನ್ನು ತೆಗೆಸಿಕೊಡುವಂತೆ ಕೇಳಬಹುದು.

ಬಿಲ್ಲುಗಳಿಂದ ಇನ್ನೂ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಸರ್ವಿಸ್ ಆಗಬೇಕೆಂಬ ನಿಯಮವಿದೆ. ಆರು ವರ್ಷದಲ್ಲಿ 24,000 ಕಿ.ಮೀ. ಓಡಿದ ಕಾರಿಗೆ ಆದ್ದರಿಂದ ಕನಿಷ್ಠ ಆರು ಬಿಲ್ಲುಗಳಿರಬೇಕು. ಅನೇಕ ಕಡೆ ಎರಡೇ ಸಿಗುತ್ತವೆ, ಏಕೆಂದರೆ ಮಾಲೀಕರು ಕಿಲೋಮೀಟರನ್ನು ಮಾತ್ರ ಲೆಕ್ಕ ಹಾಕಿ, ಕಾರು ಓಡಿಯೇ ಇಲ್ಲವಲ್ಲ ಎಂದು ಆಯಿಲ್ ಬದಲಿಸದೆ ಬಿಟ್ಟಿರುತ್ತಾರೆ. ಎಂಜಿನ್ ಆಯಿಲ್ ನಿಂತಲ್ಲಿಯೇ ಹಳತಾಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕೂಲಂಟ್ ತನ್ನ ಗುಣ ಕಳೆದುಕೊಳ್ಳುತ್ತದೆ. ಆರು ಬಿಲ್ಲುಗಳಿರುವ 45,000 ಕಿ.ಮೀ. ಓಡಿದ ಕಾರು ಮತ್ತು ಎರಡೇ ಬಿಲ್ಲುಗಳಿರುವ 24,000 ಕಿ.ಮೀ. ಓಡಿದ ಕಾರು ಒಂದೇ ಬೆಲೆಗೆ ಸಿಕ್ಕರೆ ಮೊದಲನೆಯದನ್ನೇ ಆರಿಸಿಕೊಳ್ಳಿ ಎಂದು ಹಿಂಜರಿಕೆಯಿಲ್ಲದೆ ಹೇಳಬಲ್ಲೆ.

ಕಿಲೋಮೀಟರಿನ ಹಿಂದಿರುವ ಗಂಟೆಗಳು

ಮೀಟರ್ ದೂರವನ್ನು ಅಳೆಯುತ್ತದೆಯೇ ಹೊರತು ಎಂಜಿನ್ ಎಷ್ಟು ಹೊತ್ತು ಚಾಲೂ ಇತ್ತು ಎಂಬುದನ್ನಲ್ಲ. ಸಂಜೆಯ ಟ್ರಾಫಿಕ್‌ನಲ್ಲಿ ಅಂಧೇರಿಯಿಂದ ಘಾಟ್‌ಕೋಪರಿಗೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕಾರು ನಗರದೊಳಗೆ ಗಂಟೆಗೆ ಸರಾಸರಿ 15 ಕಿ.ಮೀ. ವೇಗದಲ್ಲಿ 24,000 ಕಿ.ಮೀ. ಓಡಿದ್ದರೆ ಅದರ ಎಂಜಿನ್ 1,600 ಗಂಟೆ ದುಡಿದಿದೆ ಎಂದಾಯಿತು. ಹೆದ್ದಾರಿಯಲ್ಲಿ ಸರಾಸರಿ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಅಷ್ಟೇ ಗಂಟೆಗಳಲ್ಲಿ 80,000 ಕಿ.ಮೀ. ಕ್ರಮಿಸಿರುತ್ತದೆ. ಡ್ರೈವರ್ ಇಟ್ಟುಕೊಂಡಿದ್ದ ಮನೆಯ ಕಾರಾದರೆ, ಯಜಮಾನರು ಬರುವವರೆಗೆ ಎಸಿ ಹಾಕಿಕೊಂಡು ನಿಂತ ಸಮಯವೂ ಇದಕ್ಕೆ ಸೇರುತ್ತದೆ. ನಗರದ ಓಟದಲ್ಲಿ ಕ್ಲಚ್ ಮತ್ತು ಬ್ರೇಕ್ ಬೇಗ ಸವೆಯುತ್ತವೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸಿಬಿಡುವ ಎರಡು-ಮೂರು ಕಿಲೋಮೀಟರಿನ ಪಯಣಗಳಿಂದ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಡೀಸೆಲ್ ಕಾರಿನ ವಿಷಯದಲ್ಲಿ ಇನ್ನಷ್ಟು ಜಾಗರೂಕತೆ ಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಎಂಬ ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಸೇರಿದ ಮಸಿ ಉರಿದು ಸ್ವಚ್ಛವಾಗಲು ಕಾರು ಆಗಾಗ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಓಡಿದ ಡೀಸೆಲ್ ಕಾರಿನಲ್ಲಿ ಅದು ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಬದಲಿಸುವ ಖರ್ಚೂ ಸಣ್ಣದಲ್ಲ. ಕಡಿಮೆ ಓಡಿದ ಬಿಎಸ್6 ಡೀಸೆಲ್ ಕಾರಿಗೆ ಹೆಚ್ಚು ಹಣ ಕೊಡಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಕಾರನ್ನು ಮುಟ್ಟಿ ನೋಡುವುದು

ಹಗಲಿನಲ್ಲಿಯೇ ಹೋಗಬೇಕು, ಮತ್ತು ತಾವು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡುವುದು ಅವಿನಯವಲ್ಲ. ತಣ್ಣಗಿನ ಎಂಜಿನ್ ಹೇಗೆ ಚಾಲೂ ಆಗುತ್ತದೆ ಎಂಬುದರಲ್ಲಿ ಬ್ಯಾಟರಿಯ ಸ್ಥಿತಿಯೂ ಎಂಜಿನ್ನಿನ ಸ್ಥಿತಿಯೂ ಒಟ್ಟಿಗೇ ಗೊತ್ತಾಗುತ್ತವೆ.

ಒಳಗೆ ಕುಳಿತಾಗ ಬ್ರೇಕ್ ಪೆಡಲಿನ ರಬ್ಬರನ್ನು ನೋಡಿ. 24,000 ಕಿ.ಮೀ. ಓಡಿದ ಕಾರಿನ ಪೆಡಲಿನಲ್ಲಿ ರಬ್ಬರಿನ ಗೆರೆಗಳು ಸ್ಪಷ್ಟವಾಗಿ ಇರಬೇಕು. ಬಲ ಅಂಚು ನುಣುಪಾಗಿ ಸವೆದು ಕೆಳಗಿನ ಲೋಹ ಮಿನುಗುತ್ತಿದ್ದರೆ, ಅಥವಾ ಹಳೆಯ ಕಾರಿನಲ್ಲಿ ಆ ರಬ್ಬರೊಂದೇ ಹೊಚ್ಚ ಹೊಸದಾಗಿದ್ದರೆ, ಪ್ರಶ್ನೆ ಕೇಳಬೇಕು. ಸ್ಟೇರಿಂಗ್‌ನ ಮೇಲ್ಭಾಗ, ಗೇರ್ ಹಿಡಿ, ಚಾಲಕನ ಸೀಟಿನ ಬಲ ಅಂಚು ಕೂಡ ಇದೇ ಕಥೆಯನ್ನು ಹೇಳಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ: 3119 ಎಂದರೆ 2019ರ 31ನೇ ವಾರ. ಕಾರಿನೊಂದಿಗೆ ಬಂದ ಟೈರುಗಳೇ ಇದ್ದರೆ ಮೀಟರಿನ ಸಂಖ್ಯೆಗೆ ಅದು ಬೆಂಬಲ. ಆದರೆ ಅದೇ ಕಾರಣಕ್ಕೆ, ರಬ್ಬರು ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಬಿರುಕುಗಳು ಬಿದ್ದಿರುವುದರಿಂದ, ನಾಲ್ಕೂ ಟೈರು ಬದಲಿಸುವ ಖರ್ಚು ನಿಮ್ಮ ತಲೆಯ ಮೇಲೆ ಬರುತ್ತದೆ. ನಾಲ್ಕೂ ಟೈರುಗಳು 2023ರವಾದರೆ, ಇಷ್ಟು ಕಡಿಮೆ ಓಡಿದ ಕಾರಿಗೆ ಹೊಸ ಟೈರು ಏಕೆ ಬೇಕಾಯಿತು ಎಂದು ಕೇಳಿ ಬಿಲ್ಲು ನೋಡಬೇಕು.

ಮುಂಬಯಿಯ ಕಾರಿಗೆ ಮಳೆನೀರಿನ ಪರೀಕ್ಷೆ ತಪ್ಪಿಸುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ನಗರದ ಎಷ್ಟೋ ಕಾರುಗಳು ಮುಳುಗಿದವು. ಅಷ್ಟು ಭೀಕರವಲ್ಲದಿದ್ದರೂ ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳಲ್ಲಿ ನೀರು ನಿಲ್ಲುವುದು ಮಳೆಗಾಲದ ಪರಿಚಿತ ಸುದ್ದಿ. ಓಡದೆ ನಿಂತ ಕಾರು ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿಯೇ ಮುಳುಗಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಹೊರಗೆ ಕಾಣುವ ಪಟ್ಟಿಯನ್ನು ತೊಳೆದಿರುತ್ತಾರೆ, ಆದರೆ ಸುರುಳಿಯ ಬುಡದಲ್ಲಿರುವ ಕೊನೆಯ ಒಂದಡಿ ಪಟ್ಟಿಯ ಮೇಲೆ ಕೆಸರಿನ ಕಂದು ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಬೋಲ್ಟುಗಳು, ಕಾರ್ಪೆಟ್ಟಿನ ಅಡಿ, ಇವುಗಳಲ್ಲಿ ತುಕ್ಕು ಅಥವಾ ಒಣಮಣ್ಣು ಇದ್ದರೆ ಆ ಕಾರನ್ನು ಬಿಟ್ಟುಬಿಡುವುದೇ ಕ್ಷೇಮ. ಇಂಥ ಕಾರಿಗೆ ಎಷ್ಟು ಬೆಲೆ ಇಳಿಸಿದರೂ ನ್ಯಾಯವಾಗುವುದಿಲ್ಲ, ಏಕೆಂದರೆ ವೈರಿಂಗ್ ಯಾವಾಗ ಕೈಕೊಡುತ್ತದೆ ಎಂದು ಹೇಳಲು ಯಾರಿಂದಲೂ ಆಗದು.

ವಿಮೆಯ ಪಾಲಿಸಿಯನ್ನೂ ಓದಬೇಕು. ಕ್ಲೇಮ್ ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಶೇ 20, 25, 35, 45 ಎಂದು ಏರುತ್ತಾ ಶೇ 50ಕ್ಕೆ ಮುಟ್ಟುತ್ತದೆ. ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆಯಾಗಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆಯೇ, ಆಗಿದ್ದರೆ ಯಾವುದಕ್ಕೆ ಎಂದು ವಿಚಾರಿಸಿ.

ಟೆಸ್ಟ್ ಡ್ರೈವ್ ಕಟ್ಟಡದ ಸುತ್ತ ಒಂದು ಸುತ್ತಿನಲ್ಲಿ ಮುಗಿಯಬಾರದು. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಂಥ ರಸ್ತೆಯಲ್ಲಿ ಓಡಿಸಿ. ಬಹುಕಾಲ ನಿಂತ ಕಾರಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿದಿದ್ದರೆ ವೇಗದಿಂದ ನಿಧಾನಿಸುವಾಗ ಪೆಡಲ್ ನಡುಗುತ್ತದೆ. ಕೊನೆಯಲ್ಲಿ ನಂಬಿಕೆಯ ಮೆಕ್ಯಾನಿಕ್‌ನ ಬಳಿ ಲಿಫ್ಟ್ ಮೇಲೆ ಏರಿಸಿ ಅಡಿಭಾಗ ನೋಡಿಸಬೇಕು. ಸಮುದ್ರದ ಉಪ್ಪುಗಾಳಿ ಮತ್ತು ಬಿಲದ ಇಲಿಗಳು ಮಾಡಿರುವ ಹಾನಿ ಅಲ್ಲಿಯೇ ಕಾಣುವುದು.

ಈಗ ಬೆಲೆಯ ಲೆಕ್ಕ

ಮಾಲೀಕರು 2019ರಲ್ಲಿ ಎಷ್ಟು ಕೊಟ್ಟರು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದೇ ಕಾರು ಇವತ್ತು ಹೊಸದಾಗಿ ರಸ್ತೆಗೆ ಬರಲು ಎಷ್ಟಾಗುತ್ತದೆ ಎಂಬುದೇ ಅಳತೆಗೋಲು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿದು ಹೊಸ ಕಾರುಗಳ ಬೆಲೆ ತಗ್ಗಿರುವುದರಿಂದ, ಹಳೆಯ ಕಾರಿನ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಲೇಬೇಕು. ಕೆಲವು ಮಾರಾಟಗಾರರು ಇನ್ನೂ ಹಿಂದಿನ ಬೆಲೆಯ ಆಧಾರದ ಮೇಲೆಯೇ ಮಾತನಾಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 24,000 ಕಿ.ಮೀ. ಓಡಿದ ಕಾರಿಗೆ 5,40,000 ರೂಪಾಯಿ ಕೇಳುತ್ತಿದ್ದಾರೆ. ಮುಂಬಯಿ, ಥಾಣೆ ಮತ್ತು ಪುಣೆಯಲ್ಲಿ ವಿಚಾರಿಸಿದಾಗ ಅದೇ ವರ್ಷದ, ಅದೇ ಮಾದರಿಯ, ಸುಮಾರು 60,000 ಕಿ.ಮೀ. ಓಡಿದ, ಸರ್ವಿಸ್ ಸರಿಯಾಗಿ ಆಗಿರುವ ಕಾರುಗಳು 4,60,000ದ ಆಸುಪಾಸಿನಲ್ಲಿ ಸಿಗುತ್ತಿವೆ ಎಂದುಕೊಳ್ಳಿ. ಸಾಬೀತಾದ ಕಡಿಮೆ ಓಟಕ್ಕೆ ನಾನು ಶೇ 6ಕ್ಕಿಂತ ಹೆಚ್ಚು ಸೇರಿಸಲಾರೆ; ಅದು 27,600 ರೂಪಾಯಿ. ಒಟ್ಟು 4,87,600. ಇನ್ನು ಕಳೆಯಬೇಕಾದದ್ದು: ನಾಲ್ಕು ಟೈರಿಗೆ 22,000, ಬ್ಯಾಟರಿಗೆ 6,000, ಎಲ್ಲ ಆಯಿಲ್, ಕೂಲಂಟ್, ಫಿಲ್ಟರುಗಳ ಜೊತೆಗೆ ಪೂರ್ತಿ ಸರ್ವಿಸ್‌ಗೆ 12,000. ಉಳಿಯುವುದು 4,47,600. 60,000 ಕಿ.ಮೀ. ಓಡಿದ ಕಾರಿನ ಮಾಲೀಕರು ಈ ಖರ್ಚುಗಳನ್ನೆಲ್ಲ ಈಗಾಗಲೇ ಮಾಡಿರುವ ಸಂಭವ ಹೆಚ್ಚು, ಕಡಿಮೆ ಓಡಿದ ಕಾರಿನಲ್ಲಿ ಅವು ಕೊಳ್ಳುವವರಿಗಾಗಿ ಕಾದಿರುತ್ತವೆ. ಆದ್ದರಿಂದ 4,50,000ಕ್ಕೆ ಮಾತು ಶುರುಮಾಡಿ 4,70,000ದ ಒಳಗೆ ಮುಗಿಸಿದರೆ ನ್ಯಾಯ. ಅದಕ್ಕಿಂತ ಮೇಲೆ ಕೊಡುವುದು ಮೀಟರಿನ ಸಂಖ್ಯೆಗೆ ಮಾತ್ರ ಕೊಟ್ಟ ಹಣ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮಾರುವವರ ಮುಂದೆ ಇಟ್ಟರೆ ಚೌಕಾಸಿ ಜಗಳವಾಗದೆ ಮಾತುಕತೆಯಾಗಿ ಉಳಿಯುತ್ತದೆ.

ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಅನೇಕರು ಕೆಲವು ವರ್ಷ ಇಲ್ಲಿ ಓಡಿಸಿ ಆಮೇಲೆ ಕಾರನ್ನು ಉಡುಪಿಗೋ ಮಂಗಳೂರಿಗೋ ಹುಬ್ಬಳ್ಳಿಗೋ ಒಯ್ಯುವ ಯೋಚನೆಯಲ್ಲಿರುತ್ತಾರೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಅಲ್ಲಿ ಮರುನೋಂದಣಿ ಆಗಬೇಕು. ಇದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಪಡೆದು, ಕರ್ನಾಟಕದಲ್ಲಿ ತೆರಿಗೆ ಕಟ್ಟಿ, ಇಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಹಿಂದಕ್ಕೆ ಪಡೆಯಲು ಅರ್ಜಿ ಹಾಕಬೇಕಾಗುತ್ತದೆ. ಆ ಯೋಚನೆ ಇದ್ದರೆ ಆ ಖರ್ಚನ್ನೂ ಇವತ್ತೇ ಲೆಕ್ಕಕ್ಕೆ ಹಿಡಿಯುವುದು ಉತ್ತಮ. ಊರಿನಲ್ಲಿಯೇ ಒಂದು ಕೆಎ ನೋಂದಣಿಯ ಕಾರು ಹುಡುಕುವುದು ಅಗ್ಗವಾದೀತು.

ವ್ಯವಹಾರ ಕುದುರಿದರೆ ಮುಂಗಡಕ್ಕೆ ರಸೀದಿ ಪಡೆದು, ಉಳಿದ ಹಣವನ್ನು ಬ್ಯಾಂಕಿನ ಮೂಲಕವೇ ಆರ್‌ಸಿಯಲ್ಲಿರುವ ಮಾಲೀಕರ ಖಾತೆಗೆ ಕಳುಹಿಸಬೇಕು. ಫಾರ್ಮ್ 29 ಮತ್ತು 30ಕ್ಕೆ ಅವರ ಸಹಿ ಪಡೆದು, ಕೊಂಡವರು 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಆರ್‌ಟಿಒಗೆ ಅರ್ಜಿ ಕೊಡಬೇಕು. ವಿಮೆ ವರ್ಗಾವಣೆಗೆ ಇರುವುದು 14 ದಿನ ಮಾತ್ರ, ಮತ್ತು ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲವಾದ್ದರಿಂದ ಆ ವ್ಯತ್ಯಾಸದ ಹಣವನ್ನು ಕಂಪನಿಗೆ ಕಟ್ಟಬೇಕಾಗುತ್ತದೆ. ಹಳೆಯ ಫಾಸ್ಟ್ಯಾಗ್ ಅನ್ನು ಮಾಲೀಕರಿಂದಲೇ ರದ್ದು ಮಾಡಿಸಿ, ಎರಡನೆಯ ಕೀಲಿಯನ್ನು ಅಂದೇ ಕೇಳಿ ಪಡೆಯಿರಿ.