ಪೆಸಿಫಿಕ್ ಯುದ್ಧಕ್ಕೆಂದೇ ಹಡಗು ಕಟ್ಟಿದ್ದರೆ: ಬ್ರಿಟಿಷ್ ನೌಕಾಪಡೆಯ ಪರ್ಯಾಯ ಇತಿಹಾಸ ಬರೆಯುವವರಿಗೆ ಲೆಕ್ಕಾಚಾರದ ಕೈಪಿಡಿ

ಜರ್ಮನಿ ಸುಮ್ಮನಿದೆ, ಇಟಲಿ ಸುಮ್ಮನಿದೆ, ಬ್ರಿಟನ್ನಿಗೆ ಜಪಾನ್ ಒಂದೇ ಶತ್ರು. ಹಾಗಿದ್ದರೆ 1930ರ ದಶಕದಲ್ಲಿ ರಾಯಲ್ ನೇವಿ ಯಾವ ಹಡಗುಗಳನ್ನು ಕಟ್ಟುತ್ತಿತ್ತು? ಈ ಪ್ರಶ್ನೆ ಹಿಡಿದು ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲ ದಿನವೇ ಹನ್ನೆರಡು ವಿಮಾನವಾಹಕ, ಎಂಟು ಹೊಸ ಯುದ್ಧನೌಕೆ ಎಂದು ಪಟ್ಟಿ ಮಾಡಿಬಿಡುತ್ತಾರೆ. ಆಮೇಲೆ ಆ ಪಟ್ಟಿಗೆ ತಕ್ಕಂತೆ ಇತಿಹಾಸವನ್ನು ಬಗ್ಗಿಸುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಪಟ್ಟಿ ಕೊನೆಗೆ ಬರಬೇಕು. ಮೊದಲು ಹುಡುಕಬೇಕಾದ್ದು ಕೆಲಸ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು ಎಂಬುದನ್ನು.

ಕವಲು ಒಡೆಯುವ ದಿನ

ನಿಜ ಇತಿಹಾಸದಿಂದ ನಿಮ್ಮ ಕಥೆ ಯಾವ ದಿನ ಬೇರೆಯಾಗುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. 1922ರ ವಾಷಿಂಗ್ಟನ್ ಒಪ್ಪಂದ ಯುದ್ಧನೌಕೆಗೆ 35,000 ಟನ್, 16 ಇಂಚಿನ ಫಿರಂಗಿ ಎಂದು ಮಿತಿ ಹಾಕಿತ್ತು. ಬ್ರಿಟನ್ನಿನ ವಿಮಾನವಾಹಕಗಳಿಗೆಲ್ಲ ಸೇರಿ 1,35,000 ಟನ್ ಕೊಟ್ಟಿತ್ತು. 1930ರ ಲಂಡನ್ ಒಪ್ಪಂದ ಹೊಸ ಯುದ್ಧನೌಕೆಗಳ ಮೇಲಿನ ತಡೆಯನ್ನು 1936ರ ಕೊನೆಯವರೆಗೂ ಎಳೆಯಿತು. ಕಿಂಗ್ ಜಾರ್ಜ್ 5 ಮತ್ತು ಪ್ರಿನ್ಸ್ ಆಫ್ ವೇಲ್ಸ್ ಯುದ್ಧನೌಕೆಗಳೆರಡರ ಕೀಲನ್ನೂ (ತಳದ ಬೆನ್ನೆಲುಬು, ಕಟ್ಟುವ ಕೆಲಸ ಶುರುವಾಗುವುದು ಇದರಿಂದ) 1937ರ ಜನವರಿ 1ರಂದೇ ಇಟ್ಟದ್ದು ಕಾಕತಾಳೀಯವಲ್ಲ. ಅದು ಅನುಮತಿ ಇದ್ದ ಮೊದಲ ದಿನ. ಒಪ್ಪಂದಗಳನ್ನು ಉಳಿಸಿಕೊಂಡ ಕಥೆಯಲ್ಲಿ 1940ಕ್ಕೆ ಮುಂಚೆ ಹೊಸ ಯುದ್ಧನೌಕೆ ಸಮುದ್ರಕ್ಕಿಳಿಯುವ ಹಾಗಿಲ್ಲ.

ಇಲ್ಲೊಂದು ಸಿಕ್ಕು ಇದೆ, ಬಹಳ ಜನ ಎಡವುತ್ತಾರೆ. ಹತ್ತು ವರ್ಷ ದೊಡ್ಡ ಯುದ್ಧವಿಲ್ಲ ಎಂದುಕೊಂಡೇ ಬಜೆಟ್ ಮಾಡುವ ನಿಯಮವನ್ನು ಬ್ರಿಟನ್ 1932ರ ಮಾರ್ಚಿನಲ್ಲಿ ಕೈಬಿಟ್ಟದ್ದು ಜಪಾನ್ ಶಾಂಘೈ ಮೇಲೆ ಬಿದ್ದ ಕಾಲಕ್ಕೆ. ಆದರೆ 1937ರಲ್ಲಿ ಐದು ವರ್ಷಕ್ಕೆ 150 ಕೋಟಿ ಪೌಂಡ್ ಎಂದು ಖಜಾನೆಯ ಬಾಗಿಲು ತೆರೆಸಿದ್ದು ಮುಖ್ಯವಾಗಿ ಜರ್ಮನಿಯ ಭಯ. ಹಿಟ್ಲರನನ್ನು ಕಥೆಯಿಂದ ತೆಗೆದರೆ ಅವನ ಜೊತೆ ಆ ಹಣವೂ ಹೋಗುತ್ತದೆ. ಆದ್ದರಿಂದ ‘ಜರ್ಮನಿ ಇಲ್ಲ, ಆದರೂ ನಿಜ ಇತಿಹಾಸದ ಬಜೆಟ್ ಇದೆ’ ಎಂದು ಬರೆಯಬೇಡಿ. ಜರ್ಮನಿಯ ಭಯ 1938ರವರೆಗೆ ಇದ್ದು ಆಮೇಲೆ ಕರಗಿತು ಎನ್ನಿ. ಅಥವಾ ವಾಯುಪಡೆಯ ಪಾಲಿನಿಂದ ಎಷ್ಟು ಕಿತ್ತು ನೌಕಾಪಡೆಗೆ ಕೊಡುತ್ತೀರಿ ಎಂದು ಹೇಳಿ.

ಯುದ್ಧಕ್ಕೆ ಕಾರಣವೂ ಹಾಗೆಯೇ. 1941ರ ಡಿಸೆಂಬರನ್ನು ಹಾಗೇ ಎತ್ತಿ ತರುವಂತಿಲ್ಲ. ಜಪಾನ್ ದಕ್ಷಿಣ ಇಂಡೋಚೈನಾಕ್ಕೆ ಕಾಲಿಟ್ಟದ್ದು, ಅದರ ಮೇಲೆ ತೈಲ ನಿರ್ಬಂಧ ಬಿದ್ದದ್ದು, ಎಲ್ಲವೂ 1940ರಲ್ಲಿ ಫ್ರಾನ್ಸ್ ಮತ್ತು ಹಾಲೆಂಡ್ ಬಿದ್ದದ್ದರ ಫಲ. ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎರಡನ್ನೂ ಡಿಸೆಂಬರ್ 10ರಂದು ಮುಳುಗಿಸಿದ ಬಾಂಬರುಗಳು ಹಾರಿದ್ದು ಸೈಗಾನ್ ಸುತ್ತಲಿನ ನೆಲೆಗಳಿಂದ. ಫ್ರಾನ್ಸ್ ಗಟ್ಟಿಯಾಗಿ ನಿಂತಿದ್ದರೆ ಆ ನೆಲೆಗಳು ಜಪಾನಿನ ಕೈಯಲ್ಲಿಲ್ಲ. ಅಮೆರಿಕದ ಎರಡು ಸಾಗರಗಳ ನೌಕಾಪಡೆ ಕಾಯ್ದೆಗೆ 1940ರ ಜುಲೈಯಲ್ಲಿ ಸಹಿ ಬಿದ್ದದ್ದೂ ಫ್ರಾನ್ಸ್ ಬಿದ್ದ ಮೇಲೆಯೇ. ಅದನ್ನೂ ಪಟ್ಟಿಯಿಂದ ಹೊಡೆದುಹಾಕಿ.

ಕಿಡಿ ಬೇಕಾದರೆ 1939ರ ಜೂನ್ 14ಕ್ಕೆ ಜಪಾನ್ ಚೀನಾದಲ್ಲಿದ್ದ ಬ್ರಿಟಿಷ್ ವಸತಿಯ ಮೇಲೆ ಶುರುಮಾಡಿದ ತಿಯಾನ್‌ಜಿನ್ ದಿಗ್ಬಂಧನ ಒಳ್ಳೆಯದು. ಆದರೆ ಆ ದಿನಾಂಕ ಆರಿಸಿದರೆ ಹೊಸ ಯುದ್ಧನೌಕೆ ಒಂದೂ ಸಿಗುವುದಿಲ್ಲ: ರಿನೌನ್, ವೇಲಿಯಂಟ್, ಕ್ವೀನ್ ಎಲಿಜಬೆತ್ ಮೂರೂ ಆಗ ಪುನರ್ನಿರ್ಮಾಣಕ್ಕೆಂದು ಬಿಚ್ಚಿ ಕೂತಿದ್ದವು, ಹೊಸ ವಿಮಾನವಾಹಕ ಎಂದರೆ ಆರ್ಕ್ ರಾಯಲ್ ಒಂದೇ. ಎದುರಿಗಿದ್ದ ಜಪಾನಿಗೂ ಆಗ ಯಮಾಟೊ ಯುದ್ಧನೌಕೆ ಇಲ್ಲ, ಶೋಕಾಕು ವಿಮಾನವಾಹಕ ಇಲ್ಲ, ಝೀರೋ ವಿಮಾನವೂ ಇಲ್ಲ. ಹಡಗು ಕಟ್ಟುವುದೇ ನಿಮ್ಮ ಕಥೆಯ ಜೀವಾಳವಾದರೆ ಯುದ್ಧವನ್ನು 1942ಕ್ಕೆ ತಳ್ಳಿ.

ಬಿಡುಗಡೆಯಾದದ್ದೆಲ್ಲ ಉಪಯೋಗಕ್ಕೆ ಬರುವುದಿಲ್ಲ

‘ಅಟ್ಲಾಂಟಿಕ್‌ನಲ್ಲಿ ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) ಇಲ್ಲ, ಹಾಗಾಗಿ ಇನ್ನೂರು ಫ್ಲವರ್ ಕಾರ್ವೆಟ್ (ಸಣ್ಣ ಬೆಂಗಾವಲು ಹಡಗು) ಬೇಡ, ಆ ಉಕ್ಕಿನಲ್ಲಿ ಐದು ವಿಮಾನವಾಹಕ ಕಟ್ಟೋಣ’ ಎಂಬ ವಾದ ಎಲ್ಲೆಡೆ ಕಾಣುತ್ತದೆ. ಟನ್ನಿಗೆ ಟನ್ ಲೆಕ್ಕ ತಾಳೆಯಾಗುತ್ತದೆ, ಹಡಗು ಮಾತ್ರ ಆಗುವುದಿಲ್ಲ. ಫ್ಲವರ್ ಎನ್ನುವುದು ತಿಮಿಂಗಿಲ ಬೇಟೆಯ ಹಡಗಿನ ಮಾದರಿಯಿಂದ ಬಂದದ್ದು: ಒಂದೇ ಪ್ರೊಪೆಲರ್, 2,750 ಅಶ್ವಶಕ್ತಿಯ ಹಳೆಯ ಪಿಸ್ಟನ್ ಮಾದರಿಯ ಉಗಿ ಎಂಜಿನ್, 16 ನಾಟ್ ವೇಗ. ಸಣ್ಣ ವಾಣಿಜ್ಯ ಶಿಪ್‌ಯಾರ್ಡ್‌ಗಳೂ ಕಟ್ಟಬಲ್ಲವು ಎಂಬ ಕಾರಣಕ್ಕೇ ಅದನ್ನು ಆರಿಸಿದ್ದು. ಆ ಯಾರ್ಡ್‌ಗಳ ಸ್ಲಿಪ್‌ವೇಯಲ್ಲಿ, ಎಂದರೆ ಹಡಗು ಕಟ್ಟಿ ನೀರಿಗೆ ಜಾರಿಸುವ ಇಳಿಜಾರಿನಲ್ಲಿ, 740 ಅಡಿಯ ಒಡಲು ಹಿಡಿಸುವುದಿಲ್ಲ, ಟರ್ಬೈನ್ ಗೇರ್ ಕೊರೆಯುವ ಯಂತ್ರವೂ ಅಲ್ಲಿಲ್ಲ.

ಹಂಟ್ ದರ್ಜೆಯ ಬೆಂಗಾವಲು ಡೆಸ್ಟ್ರಾಯರುಗಳ ಮಾತು ಬೇರೆ. ಒಂದೊಂದಕ್ಕೂ 19,000 ಅಶ್ವಶಕ್ತಿಯ ಗೇರ್ಡ್ ಟರ್ಬೈನ್. ಎರಡು ಹಂಟ್ ಬಿಟ್ಟರೆ ಕೊಲೋಸಸ್ ದರ್ಜೆಯ ಒಂದು ಹಗುರ ವಿಮಾನವಾಹಕಕ್ಕೆ ಬೇಕಾದ 40,000 ಅಶ್ವಶಕ್ತಿಗೆ ಹೆಚ್ಚುಕಡಿಮೆ ಸಮ. ಹೀಗೆ ಪ್ರತಿ ಹಡಗನ್ನೂ ಟನ್ನಿನಲ್ಲಿ ಅಳೆಯದೆ ನಾಲ್ಕು ಕಾಲಂ ಹಾಕಿ ಅಳೆಯಿರಿ: ಸ್ಲಿಪ್‌ವೇಯ ಉದ್ದ, ಟರ್ಬೈನ್ ಅಶ್ವಶಕ್ತಿ, ಕವಚದ ಉಕ್ಕು, ದೊಡ್ಡ ಫಿರಂಗಿಯ ಟರೆಟ್ (ಫಿರಂಗಿ ಕೂರಿಸಿ ತಿರುಗಿಸುವ ಗೋಪುರ). ಯಾವ ಕಾಲಂ ಮೊದಲು ಬರಿದಾಗುತ್ತದೋ ಅಲ್ಲಿಗೆ ನಿಮ್ಮ ಯೋಜನೆ ನಿಂತಿತು. ಬೆಂಗಾವಲನ್ನು ಪೂರ್ತಿ ಅಳಿಸಬೇಡಿ, ಜಪಾನಿಗೂ ಜಲಾಂತರ್ಗಾಮಿಗಳಿವೆ.

ಟರೆಟ್ ಎಂಬ ಕುತ್ತಿಗೆ

ಈ ನಾಲ್ಕರಲ್ಲಿ ಟರೆಟ್ಟೇ ಬಹುತೇಕ ಸಲ ಮೊದಲು ಕೈಕೊಡುವುದು. ಮೊದಲ ಮಹಾಯುದ್ಧದ ಹೊತ್ತಿಗೆ ದೊಡ್ಡ ಟರೆಟ್ ಮಾಡುವ ಕಂಪನಿಗಳು ಹಲವಿದ್ದವು. ಒಪ್ಪಂದದ ವರ್ಷಗಳಲ್ಲಿ ಕೆಲಸವಿಲ್ಲದೆ ಕಾವೆಂಟ್ರಿ ಆರ್ಡ್ನೆನ್ಸ್ ವರ್ಕ್ಸ್ ಮುಚ್ಚಿತು. 1930ರ ದಶಕದಲ್ಲಿ ಉಳಿದದ್ದು ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್‌ನ ಬ್ಯಾರೋ ಮತ್ತು ಎಲ್ಸ್‌ವಿಕ್ ಕಾರ್ಖಾನೆಗಳು, ಅಷ್ಟೇ.

ಕಿಂಗ್ ಜಾರ್ಜ್ 5ರ ನಾಲ್ಕು ಫಿರಂಗಿಯ ಒಂದು ಟರೆಟ್ ತೂಗುವುದು 1,500 ಟನ್ನಿಗೂ ಮೇಲೆ, ಒಂದು ಡೆಸ್ಟ್ರಾಯರಿನಷ್ಟು. ಡೆಕ್ಕಿನ ಮೇಲೆ ಕಾಣುವುದು ಅದರ ತಲೆ ಮಾತ್ರ. ಗುಂಡು, ಮದ್ದು ಎತ್ತುವ ಲಿಫ್ಟುಗಳ ಸಮೇತ ಅದು ಹಡಗಿನ ತಳದ ಮದ್ದಿನ ಕೋಣೆಯವರೆಗೂ ಇಳಿದಿರುತ್ತದೆ. ಅದನ್ನು ಮೊದಲು ಕಾರ್ಖಾನೆಯ ಗುಂಡಿಯಲ್ಲಿ ಪೂರ್ತಿ ಜೋಡಿಸಿ, ತಿರುಗಿಸಿ ನೋಡಿ, ಮತ್ತೆ ಬಿಚ್ಚಿ, ಹಡಗಿಗೆ ಸಾಗಿಸಿ ಕೂರಿಸಬೇಕು. 1940ಕ್ಕೆ ಹಡಗು ಬೇಕಿದ್ದರೆ ಟರೆಟ್ಟಿನ ನಿರ್ಧಾರ 1935ರಲ್ಲೇ ಆಗಬೇಕಿತ್ತು. ಮುಂದಿನ ಒಪ್ಪಂದದ ಮಿತಿ ಅಷ್ಟೇ ಆಗುತ್ತದೆ ಎಂಬ ನಿರೀಕ್ಷೆಯಲ್ಲಿ ಆಗ 14 ಇಂಚು ಎಂದು ತೀರ್ಮಾನಿಸಿಬಿಟ್ಟರು. ಜಪಾನ್ ಆ ಮಿತಿಗೆ ಒಪ್ಪುವುದಿಲ್ಲ ಎಂದು ಖಚಿತವಾಗುವಷ್ಟರಲ್ಲಿ ಹಿಂತಿರುಗುವ ದಾರಿ ಇರಲಿಲ್ಲ. 1936ರಲ್ಲಿ ರಕ್ಷಾಕವಚ ಹೆಚ್ಚಿಸಲೆಂದು ಎರಡನೇ ಟರೆಟ್ಟನ್ನು ನಾಲ್ಕರಿಂದ ಎರಡು ಫಿರಂಗಿಗೆ ಇಳಿಸಿದಾಗ ಹೊಸ ನಕ್ಷೆ, ಹೊಸ ವಿಳಂಬ. 1941ರ ಮೇಯಲ್ಲಿ ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆ ಎದುರು ಪ್ರಿನ್ಸ್ ಆಫ್ ವೇಲ್ಸ್ ನಿಂತಾಗಲೂ ಕಂಪನಿಯ ಕೆಲಸಗಾರರು ಹಡಗಿನಲ್ಲೇ ಇದ್ದರು, ಟರೆಟ್ಟುಗಳು ನಡುವೆ ನಡುವೆ ಸಿಕ್ಕಿಕೊಳ್ಳುತ್ತಲೇ ಇದ್ದವು. ನಿಮ್ಮ ಕಥೆಯಲ್ಲಿ ‘1938ರಲ್ಲಿ 16 ಇಂಚಿಗೆ ಬದಲಿಸಿದರು’ ಎಂಬ ಸಾಲು ಇದ್ದರೆ, ಅದರ ಮುಂದೆ ಎರಡು ವರ್ಷ ತಡ ಎಂದು ನೀವೇ ಸೇರಿಸಿ.

ಅಡ್ಡದಾರಿ ಒಂದಿದೆ. ಕರೇಜಸ್, ಗ್ಲೋರಿಯಸ್ ವಿಮಾನವಾಹಕಗಳಾದಾಗ ಕಳಚಿಟ್ಟ 15 ಇಂಚಿನ ನಾಲ್ಕು ಜೋಡಿ ಟರೆಟ್ಟುಗಳು ಉಗ್ರಾಣದಲ್ಲಿದ್ದವು. ಅವುಗಳ ಸುತ್ತ ಒಡಲು ಕಟ್ಟಿದರೆ ವೇಗದ ಯುದ್ಧನೌಕೆಯೊಂದು ಬೇಗ ಸಿಗುತ್ತದೆ ಎಂಬ ಯೋಚನೆ ಹುಟ್ಟಿದ್ದೇ ದೂರಪ್ರಾಚ್ಯಕ್ಕಾಗಿ. ಅದೇ ವ್ಯಾನ್‌ಗಾರ್ಡ್. ನಿಜದಲ್ಲಿ ಕೀಲ್ ಇಟ್ಟದ್ದು 1941ರ ಅಕ್ಟೋಬರಿನಲ್ಲಿ, ಮುಗಿದದ್ದು 1946ರಲ್ಲಿ. ಯುರೋಪಿನಲ್ಲಿ ಯುದ್ಧವಿಲ್ಲದಿದ್ದರೆ 1939ರಲ್ಲೇ ಕೀಲ್ ಇಡಬಹುದು. ಇಂಥ ಹಡಗು ಒಂದೇ ಆಗುವುದು, ಎರಡನೆಯದಕ್ಕೆ ಟರೆಟ್ಟಿಲ್ಲ.

ಕವಚ ಮತ್ತು ವಿಮಾನವಾಹಕ

ದಪ್ಪ ಕವಚ ಮಾಡುತ್ತಿದ್ದವರು ಮೂವರು: ಶೆಫೀಲ್ಡಿನಲ್ಲಿ ಇಬ್ಬರು, ಗ್ಲಾಸ್ಗೋದಲ್ಲಿ ಬಿಯರ್ಡ್‌ಮೋರ್. ಸಾಲದ್ದಕ್ಕೆ ಚೆಕೊಸ್ಲೊವಾಕಿಯಾದ ವಿಟ್ಕೋವಿಟ್ಸ್‌ನಿಂದ ತರಿಸಬೇಕಾಯಿತು. ಒಂದು ಕಿಂಗ್ ಜಾರ್ಜ್ 5ಕ್ಕೆ 12,000 ಟನ್ನಿಗೂ ಹೆಚ್ಚು, ಕವಚದ ಡೆಕ್ಕಿನ ವಿಮಾನವಾಹಕ ಇಲ್ಲಸ್ಟ್ರಿಯಸ್‌ಗೆ ಸುಮಾರು 5,000 ಟನ್. ಒಂದು ಯುದ್ಧನೌಕೆ ಬಿಟ್ಟರೆ ಎರಡು ಕವಚದ ವಿಮಾನವಾಹಕ ಎಂಬ ವಿನಿಮಯ ದರ ಇಲ್ಲಿಂದ ಬರುತ್ತದೆ.

ಆದರೆ ಪೆಸಿಫಿಕ್‌ಗೆ ಇಲ್ಲಸ್ಟ್ರಿಯಸ್ಸೇ ಬೇಕೇ? ಅದರ 3 ಇಂಚಿನ ಹಾರಾಟದ ಡೆಕ್ ಹುಟ್ಟಿದ್ದು ನೆಲದ ಮೇಲಿನ ಬಾಂಬರುಗಳ ಕೈಗೆಟುಕುವ ಇಕ್ಕಟ್ಟು ಸಮುದ್ರಗಳ ಭಯದಿಂದ. ಕೊಟ್ಟ ಬೆಲೆ: ಮೂಲ ನಕ್ಷೆಯಲ್ಲಿ ಕೇವಲ 36 ವಿಮಾನ, ಸುಮಾರು 50,000 ಗ್ಯಾಲನ್ ಪೆಟ್ರೋಲ್. ಕವಚವಿಲ್ಲದ ಡೆಕ್ಕಿನ ಆರ್ಕ್ ರಾಯಲ್ 60 ವಿಮಾನ, ಒಂದು ಲಕ್ಷ ಗ್ಯಾಲನ್ ಹೊರುತ್ತಿತ್ತು. ದಿನಕ್ಕೆರಡು ದಾಳಿ ನಡೆಸುವ ಪೆಸಿಫಿಕ್ ಹೋರಾಟದಲ್ಲಿ ಪೆಟ್ರೋಲ್ ಮುಗಿದ ವಿಮಾನವಾಹಕ ಬರಿ ಗುರಿ. ನಮ್ಮ ಮಟ್ಟಿಗೆ ತೀರ್ಪು ಸ್ಪಷ್ಟ: 1936–38ರಲ್ಲಿ ಕುಳಿತು ಜಪಾನನ್ನಷ್ಟೇ ನೋಡುವ ನೌಕಾಪಡೆ ಆರ್ಕ್ ರಾಯಲ್ ಅನ್ನೇ ತಿದ್ದಿ ಮತ್ತೆ ಕಟ್ಟಬೇಕು. 1945ರ ಮೇ 4ರಂದು ಕಾಮಿಕಾಝೆ (ಜಪಾನಿನ ಆತ್ಮಾಹುತಿ ವಿಮಾನ) ಬಡಿದ ಮೇಲೂ ಇಲ್ಲಸ್ಟ್ರಿಯಸ್ ದರ್ಜೆಯ ಫಾರ್ಮಿಡಬಲ್ ಕೆಲವೇ ಗಂಟೆಗಳಲ್ಲಿ ವಿಮಾನ ಇಳಿಸಿಕೊಂಡದ್ದನ್ನು ಎದುರಿಗಿಟ್ಟು ವಾದಿಸುವವರಿದ್ದಾರೆ; ಕಾಮಿಕಾಝೆಯನ್ನು 1937ರಲ್ಲಿ ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ವಿಮಾನ ಇಡುವ ಹ್ಯಾಂಗರಿನ ಎತ್ತರವನ್ನು 16 ಅಡಿಗಿಂತ ಕಡಿಮೆ ಮಾಡಬೇಡಿ. ಇಂಪ್ಲಾಕಬಲ್‌ನ ಎರಡು ಹ್ಯಾಂಗರುಗಳನ್ನು 14 ಅಡಿಗೆ ಇಳಿಸಿದ್ದರಿಂದ ಕೋರ್ಸೇರ್ ವಿಮಾನ ಒಳಗೆ ಹೋಗಲಿಲ್ಲ. 16 ಅಡಿಯ ಹ್ಯಾಂಗರಿಗೇ ರೆಕ್ಕೆಯ ತುದಿಯಿಂದ 8 ಇಂಚು ಕತ್ತರಿಸಬೇಕಾಗಿತ್ತು.

ಅವಧಿ ಹಾಕುವುದು

ನಿಜವಾಗಿ ಕಟ್ಟಿದ ಹಡಗುಗಳ ಅವಧಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಕಿಂಗ್ ಜಾರ್ಜ್ 5, ಕೀಲ್‌ನಿಂದ ಸೇರ್ಪಡೆವರೆಗೆ ಹತ್ತಿರ ಹತ್ತಿರ 48 ತಿಂಗಳು. ಇಲ್ಲಸ್ಟ್ರಿಯಸ್ 37. ಕೊಲೋಸಸ್ 30. ಇಂಪ್ಲಾಕಬಲ್‌ನ ಕೀಲ್ 1939ರ ಫೆಬ್ರವರಿಯಲ್ಲಿ ಬಿತ್ತು, ಮುಗಿದದ್ದು 1944ರ ಆಗಸ್ಟಿನಲ್ಲಿ. 1940ರಲ್ಲಿ ಬೆಂಗಾವಲು ಹಡಗುಗಳೇ ಮೊದಲು ಎಂದು ಅದನ್ನು ಬದಿಗಿಟ್ಟಿದ್ದರು. ಆ ಅಡ್ಡಿ ತೆಗೆದು 40 ತಿಂಗಳು ಕೊಟ್ಟರೆ 1942ರ ಜೂನ್. 1939ರ ಬೇಸಿಗೆಯಲ್ಲಿ ಕೀಲ್ ಇಟ್ಟು ಯುದ್ಧ ಶುರುವಾಗುತ್ತಲೇ ನಿಲ್ಲಿಸಿದ ಯುದ್ಧನೌಕೆಗಳಾದ ಲಯನ್, ಟೆಮರೇರ್‌ಗಳಿಗೆ 48 ತಿಂಗಳು ಕೊಡಿ: 1943ರ ಮಧ್ಯಭಾಗ. ಇದಕ್ಕಿಂತ ಬೇಗ ಮುಗಿಸುವ ಆಸೆ ಬೇಡ.

ಕೊಲೋಸಸ್ ದರ್ಜೆ ಮುಖ್ಯ ಡೆಕ್ಕಿನವರೆಗೆ ವಾಣಿಜ್ಯ ಹಡಗಿನ ರೀತಿಯಲ್ಲಿ ಕಟ್ಟುವಂಥದ್ದು, 13,190 ಟನ್, 25 ನಾಟ್. ದೊಡ್ಡ ನೌಕಾ ಯಾರ್ಡ್ ಇಲ್ಲದಿದ್ದರೂ ಕೆಲಸ ಸಾಗುತ್ತದೆ. ಈ ಕುಟುಂಬದ್ದೇ ಒಂದು ಹಡಗು, ಅರೆಬರೆ ಕಟ್ಟಿ ನಿಲ್ಲಿಸಿದ್ದ ಹರ್ಕ್ಯುಲಿಸ್, 1961ರಲ್ಲಿ ನಮ್ಮ ವಿಕ್ರಾಂತ್ ಆಯಿತು. ಆದರೆ ಈ ನಕ್ಷೆಗೆ ಯುದ್ಧದ ಅನುಭವ ಬೇಕಾಯಿತು. 1937ಕ್ಕೆ ತಂದರೆ, ಅಷ್ಟು ಬೇಗ ಯಾರಿಗೆ ಏಕೆ ಹೊಳೆಯಿತು ಎಂದು ಹೇಳಲೇಬೇಕು.

ದೂರ, ಎಣ್ಣೆ, ಡಾಕ್

ಪೋರ್ಟ್ಸ್‌ಮತ್‌ನಿಂದ ಸೂಯೆಜ್ ಮೂಲಕ ಸಿಂಗಪುರ ಸುಮಾರು 8,000 ನಾಟಿಕಲ್ ಮೈಲಿ. 15 ನಾಟ್‌ನಲ್ಲಿ 22 ದಿನ, ಎಲ್ಲೂ ನಿಲ್ಲದಿದ್ದರೆ. ಕಿಂಗ್ ಜಾರ್ಜ್ 5ರ ಬಾಯ್ಲರುಗಳ ಒತ್ತಡ ಚದರ ಇಂಚಿಗೆ 400 ಪೌಂಡ್. ಅದೇ ಕಾಲದ ಅಮೆರಿಕದ ಯುದ್ಧನೌಕೆಗಳದ್ದು ಸುಮಾರು 600. ಒತ್ತಡ ಕಡಿಮೆಯಾದಷ್ಟೂ ಎಣ್ಣೆ ಹೆಚ್ಚು. ಅಕೆರಾನ್ ಡೆಸ್ಟ್ರಾಯರಿನಲ್ಲಿ 500 ಪೌಂಡಿನ ಪ್ರಯೋಗ ಮಾಡಿ, ತೊಂದರೆ ಕಂಡು ಬಿಟ್ಟಿದ್ದರು. ಪೆಸಿಫಿಕ್ ಕಥೆಯಲ್ಲಿ ಬದಲಿಸಲು ಅತಿ ಅಗ್ಗದ, ಅತಿ ಲಾಭದ ಜಾಗ ಇದೇ: ಆ ಪ್ರಯೋಗ ಮುಂದುವರಿಯಲಿ. ಜೊತೆಗೆ ಪಕ್ಕಪಕ್ಕದಲ್ಲಿ ಸಾಗುತ್ತ ಎಣ್ಣೆ ತುಂಬುವ ಅಭ್ಯಾಸ, ವೇಗದ ಟ್ಯಾಂಕರುಗಳು. 1945ರಲ್ಲೂ ಬ್ರಿಟಿಷ್ ಪೆಸಿಫಿಕ್ ಫ್ಲೀಟ್ ಟ್ಯಾಂಕರಿನ ಹಿಂದೆ ಕೊಳವೆ ಹಿಡಿದು ನಿಧಾನಕ್ಕೆ ತುಂಬಿಸಿಕೊಳ್ಳುತ್ತಿತ್ತು. ಕೊಳವೆ ಹರಿದರೆ ಮತ್ತೆ ಮೊದಲಿಂದ.

ಡಾಕ್ ಲೆಕ್ಕವನ್ನು ಹೀಗೆ ಹಾಕಿ. ಸಿಂಗಪುರದ ಕಿಂಗ್ ಜಾರ್ಜ್ 6 ಡ್ರೈ ಡಾಕ್ (ನೀರು ಬಸಿದು ಹಡಗಿನ ತಳ ದುರಸ್ತಿ ಮಾಡುವ ಕಟ್ಟೆ) ತೆರೆದದ್ದು 1938ರ ಫೆಬ್ರವರಿ 14ರಂದು. ನಿಮ್ಮಲ್ಲಿ 12 ದೊಡ್ಡ ಹಡಗುಗಳಿವೆ ಎನ್ನಿ. ಬೆಚ್ಚನೆಯ ನೀರಿನಲ್ಲಿ ತಳಕ್ಕೆ ಪಾಚಿ, ಚಿಪ್ಪು ಬೇಗ ಹತ್ತುತ್ತವೆ, ವೇಗ ಇಳಿಯುತ್ತದೆ. ವರ್ಷಕ್ಕೆರಡು ಸಲ, ಸಲಕ್ಕೆ 10 ದಿನ ಡಾಕ್ ಬೇಕೆಂದು ಇಟ್ಟುಕೊಂಡರೆ 240 ದಿನ ಅಲ್ಲೇ ಹೋಯಿತು. ಉಳಿದದ್ದು 125. ಒಂದೇ ಒಂದು ಟಾರ್ಪಿಡೊ ಬಡಿದ ಹಡಗು ನಾಲ್ಕು ತಿಂಗಳು ಒಳಗೆ ಕೂತರೆ ವರ್ಷವೇ ಮುಗಿಯಿತು. 1928ರಲ್ಲಿ ಬ್ರಿಟನ್ನಿನಿಂದ ಎಳೆದು ತಂದ 50,000 ಟನ್ನಿನ ತೇಲುವ ಡಾಕ್ ಇದೆ. ಅದು ತುಂಬಿದರೆ ಮೂರನೇ ಹಡಗು ಹಿಂದೂ ಮಹಾಸಾಗರ ದಾಟಿ ಡರ್ಬನ್‌ಗೆ ಹೋಗಬೇಕು. ಹಾಗಾಗಿ ಹದಿಮೂರನೇ ಹಡಗಿನ ಹಣದಲ್ಲಿ ಇನ್ನೊಂದು ಡಾಕ್ ಕಟ್ಟಿಸಿ, ಸಾಧ್ಯವಾದರೆ ಸಿಡ್ನಿಯಲ್ಲಿ. ಅಲ್ಲಿನ ಕ್ಯಾಪ್ಟನ್ ಕುಕ್ ಡಾಕ್ ನಿಜದಲ್ಲಿ ತೆರೆದದ್ದು 1945ರ ಮಾರ್ಚಿನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ. ತೇಲುವ ಡಾಕ್ ಇದೆ ಎಂದು ನೆಮ್ಮದಿಯಾಗಿಯೂ ಕೂರಬೇಡಿ. 1944ರ ಆಗಸ್ಟ್ 8ರಂದು ಟ್ರಿಂಕೋಮಲಿಯಲ್ಲಿ ವೇಲಿಯಂಟ್ ಯುದ್ಧನೌಕೆಯನ್ನು ಹೊತ್ತಿದ್ದ ತೇಲುವ ಡಾಕ್ ಮುರಿದು ಮುಳುಗಿತು, ಹಡಗಿನ ಪ್ರೊಪೆಲರ್ ಶಾಫ್ಟುಗಳು ಕೆಟ್ಟವು. ಶತ್ರು ಹತ್ತಿರದಲ್ಲೂ ಇರಲಿಲ್ಲ.

ಜಲಾಂತರ್ಗಾಮಿಯ ಮಾತು ಚಿಕ್ಕದು. ದೂರಪ್ರಾಚ್ಯಕ್ಕೆಂದೇ ಕಟ್ಟಿದ ಓ, ಪಿ, ಆರ್ ದರ್ಜೆಗಳು 1940ರಲ್ಲಿ ಮೆಡಿಟರೇನಿಯನ್‌ಗೆ ಹೋಗಿ ಬಹಳಷ್ಟು ನಾಶವಾದವು. ನಿಮ್ಮ ಕಥೆಯಲ್ಲಿ ಅವು ಹಾಂಗ್‌ಕಾಂಗ್‌ನಲ್ಲೇ ಇವೆ, ಏನೂ ಕಟ್ಟದೆ ಸಿಕ್ಕ ಬಲ. ರಿವೆಟ್ ಹೊಡೆದ ಹೊರ ಟ್ಯಾಂಕುಗಳಿಂದ ಎಣ್ಣೆ ಸೋರಿ ಜಾಡು ಬಿಡುವ ದೋಷ ಮಾತ್ರ ನೆನಪಿರಲಿ.

ವಿಮಾನವಿಲ್ಲದ ವಾಹಕ

1918ರಿಂದ ನೌಕಾ ವಿಮಾನಗಳು ವಾಯುಪಡೆಯ ಅಧೀನದಲ್ಲಿದ್ದವು. 1937ರ ಜುಲೈಯಲ್ಲಿ ಹಿಂತಿರುಗಿಸುವ ತೀರ್ಮಾನ, 1939ರ ಮೇಯಲ್ಲಿ ಹಸ್ತಾಂತರ. ಫುಲ್ಮಾರ್‌ನಂಥ ಇಬ್ಬರು ಕೂರುವ ಫೈಟರ್ ಝೀರೋ ಮುಂದೆ ನಿಲ್ಲದು. ವಾಹಕ ಹೆಚ್ಚಿಸುವ ಯೋಜನೆಯಲ್ಲಿ ಈ ಹಸ್ತಾಂತರವನ್ನು 1930ರ ದಶಕದ ಆರಂಭಕ್ಕೆ ಎಳೆಯದಿದ್ದರೆ, ಕಟ್ಟಿದ ಡೆಕ್ಕಿನ ಮೇಲೆ ನಿಲ್ಲುವುದು ಹಳೆಯ ಕಾಲದ ಎರಡು ರೆಕ್ಕೆಸಾಲಿನ ಸ್ವೋರ್ಡ್‌ಫಿಶ್ ಮತ್ತು ಸೀ ಗ್ಲಾಡಿಯೇಟರ್.

ಇಷ್ಟಾದ ಮೇಲೆ ಪಟ್ಟಿ ಮಾಡಿ. ಪರೀಕ್ಷೆ ಸುಲಭ: 1942ರ ಯಾವುದಾದರೊಂದು ತಿಂಗಳು ತೆಗೆದುಕೊಂಡು ಪ್ರತಿ ಹಡಗಿನ ಮುಂದೆ ಅದು ಆ ದಿನ ಎಲ್ಲಿದೆ, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ, ಕೊನೆಯ ಸಲ ಡಾಕ್‌ಗೆ ಹೋದದ್ದು ಯಾವಾಗ ಎಂದು ಬರೆಯಿರಿ. ಮೂರರಲ್ಲಿ ಎರಡು ಹಡಗು ಸಮುದ್ರದಲ್ಲಿದ್ದರೆ ಎಲ್ಲೋ ತಪ್ಪಿದ್ದೀರಿ, ಡಾಕ್ ಕಾಲಂ ಇನ್ನೊಮ್ಮೆ ನೋಡಿ.