ತೋಟದ ಪಾಲಿಗೆ ದಾವೆ: ಸಾಕ್ಷಿಯವರೆಗಿನ ದಾರಿ

ಪಾಲಿನ ದಾವೆ ಕೆಡುವುದು ಹೆಚ್ಚಾಗಿ ಷೆಡ್ಯೂಲಿನಲ್ಲಿ, ಅಂದರೆ ವಾದಪತ್ರಕ್ಕೆ ಸೇರಿಸುವ ಆಸ್ತಿ ವಿವರದ ಪಟ್ಟಿಯಲ್ಲಿ. ವಕೀಲರಲ್ಲಿಗೆ ಹೋಗುವ ಮೊದಲೇ ಪಹಣಿ, ಎಂ.ಇ. (ಖಾತೆ ಬದಲಾವಣೆಯ ದಾಖಲೆ, ಮ್ಯುಟೇಶನ್ ಎಂಟ್ರಿ) ಪ್ರತಿ, ಸರ್ವೆ ನಕಾಶೆ, ವಂಶವೃಕ್ಷ, ಮನೆಯ ಪಂಚಾಯತ್ ಉತಾರ (ದಾಖಲೆಯ ನಕಲು) ತೆಗೆಸಿಡಿ. ಒಂದೊಂದು ಆಸ್ತಿಗೂ ಊರು, ಸರ್ವೆ ನಂಬರು, ಹಿಸ್ಸಾ (ಉಪ ನಂಬರು), ಎಕರೆ-ಗುಂಟೆ-ಆಣೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬೇಕು. 'ಪೂರ್ವಕ್ಕೆ ಅಗಳ' (ಗಡಿಯ ಕಂದಕ) ಎಂದು ಬರೆದು ಬಿಟ್ಟರೆ ಸಾಲದು, ಅಗಳದಾಚೆಯ ಸರ್ವೆ ನಂಬರನ್ನೂ ಬರೆಸಿ. ನಾಲ್ಕು ಮಳೆಗಾಲ ಕಳೆದರೆ ಅಗಳ ಎಲ್ಲಿತ್ತೆಂಬುದೇ ಇನ್ನೊಂದು ಜಗಳ. ಒಂದು ತುಂಡು ಗದ್ದೆಯನ್ನೂ ಬಿಡಬೇಡಿ. ಕುಟುಂಬದ ಆಸ್ತಿಯಲ್ಲಿ ಸ್ವಲ್ಪಕ್ಕೆ ಮಾತ್ರ ಪಾಲು ಕೇಳಿದರೆ ಎದುರಿನವರು ಮೊದಲು ಎತ್ತುವ ತಕರಾರು ಅದೇ.

ಶಿರಸಿ ಕಡೆಯವರು ಎಡವುವುದು ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ. ಬೆಟ್ಟ ಸರ್ಕಾರದ್ದು, ತೋಟದವರಿಗೆ ಇರುವುದು ಸೊಪ್ಪು-ಸದೆಯ ಸವಲತ್ತು. ಅದನ್ನು ಸ್ವಂತ ಜಮೀನೆಂದು ಬರೆಸಬೇಡಿ, ತೋಟಕ್ಕೆ ಹೊಂದಿದ ಸವಲತ್ತೆಂದೇ ತೋರಿಸಿ. ಸರ್ಕಾರದ ಮೇಲೆಯೇ ಹಕ್ಕು ಸಾಧಿಸುವುದಿದ್ದರೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕು.

ಪಾಲುದಾರರೆಲ್ಲ ಪಕ್ಷಗಾರರಾಗಬೇಕು. 'ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ' ಎಂದು ಬಿಡುವ ಹಾಗಿಲ್ಲ; ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲು. ತೀರಿಹೋದ ಅಣ್ಣನಿದ್ದರೆ ಅತ್ತಿಗೆ, ಮಕ್ಕಳು ಬರಬೇಕು. ದಾವೆ ನಡೆಯುತ್ತಿರುವಾಗ ಯಾರಾದರೂ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಿ.

ಆಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟು. ತೋಟ ಶಿರಸಿಯಲ್ಲಿ, ಗದ್ದೆ ಕುಮಟಾದಲ್ಲಿ ಇದ್ದರೆ ಎರಡರಲ್ಲಿ ಯಾವುದಾದರೂ ಸರಿ. ಕೋರ್ಟು ಫೀ ನಿಂತಿರುವುದು ಒಂದು ಮಾತಿನ ಮೇಲೆ: ನೀವು ಜಂಟಿ ಕಬ್ಜೆಯಲ್ಲಿ (ಉಳಿದವರ ಜೊತೆ ಸ್ವಾಧೀನದಲ್ಲಿ) ಇದ್ದೀರೋ ಇಲ್ಲವೋ. ಇದ್ದರೆ ಅಲ್ಪ ಮೊತ್ತದ ನಿಗದಿ ಶುಲ್ಕ. ನಿಮ್ಮನ್ನು ಹೊರಗಿಟ್ಟಿದ್ದಾರೆಂದಾದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. ಫೀ ಉಳಿಸಲೆಂದು ಜಂಟಿ ಕಬ್ಜೆ ಎಂದು ಬರೆಸಿ, ಮುಂದಿನ ಪುಟದಲ್ಲೇ 'ಹತ್ತು ವರ್ಷದಿಂದ ಒಂದು ಕೊನೆ ಅಡಿಕೆಯನ್ನೂ ಕೊಟ್ಟಿಲ್ಲ' ಎಂದು ದೂರಿದರೆ ಎದುರು ವಕೀಲರು ಹಿಡಿಯದೆ ಬಿಡುವುದಿಲ್ಲ.

ವಾದಪತ್ರ, ಪ್ರಮಾಣಪತ್ರ (ಅಫಿಡವಿಟ್), ವಕಾಲತ್ತು (ವಕೀಲರಿಗೆ ಕೊಡುವ ಅಧಿಕಾರಪತ್ರ), ದಾಖಲೆ ಪಟ್ಟಿ ಎಲ್ಲ ಸೇರಿಸಿ ಸಲ್ಲಿಸಿದ ಮೇಲೆ ಆಫೀಸು ಆಕ್ಷೇಪಣೆ ನಿವಾರಿಸಿದರೆ ಓ.ಎಸ್. (ಮೂಲ ದಾವೆ) ನಂಬರು ಬೀಳುತ್ತದೆ. ಮಾರಾಟದ ಭಯವಿದ್ದರೆ ತಡೆಯಾಜ್ಞೆಯ ಐ.ಎ. (ಮಧ್ಯಂತರ ಅರ್ಜಿ) ಜೊತೆಗೇ ಹಾಕಿ. ಎದುರಿನವರನ್ನು ಕೇಳದೆ ತಡೆ ಸಿಕ್ಕಿತೆಂದರೆ ಅರ್ಜಿ, ದಾಖಲೆಗಳ ಪ್ರತಿಯನ್ನು ಕೂಡಲೇ ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಕಳಿಸಿದ ಬಗ್ಗೆ ಅದೇ ದಿನ ಅಥವಾ ಮರುದಿನ ಅಫಿಡವಿಟ್ ಹಾಕಬೇಕು.

ಆಮೇಲೆ ಸಮನ್ಸು. ತಿಂಗಳುಗಟ್ಟಲೆ ಎಳೆಯುವುದು ಇಲ್ಲೇ. ಮುಂಬೈಯಲ್ಲಿರುವ ತಂಗಿಗೆ ತವರಿನ ವಿಳಾಸ ಬರೆದರೆ ಸಮನ್ಸು ಜಾರಿಯಾಗದೆ ವಾಪಸು. ಮನೆ ನಂಬರು, ಪಿನ್‌ಕೋಡು ಸಹಿತ ಗಂಡನ ಮನೆ ವಿಳಾಸ ಕೊಡಿ. ಪ್ರೊಸೆಸ್ ಫೀ (ಸಮನ್ಸು ಜಾರಿಯ ಶುಲ್ಕ) ಬಾಕಿ ಇಡಬೇಡಿ.

ಸಮನ್ಸು ಮುಟ್ಟಿದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು, ಕಾರಣವಿದ್ದರೆ 90 ದಿನದವರೆಗೆ. ಅದರಲ್ಲಿ 'ಹಳೆಯ ವಾಟ್ನಿ (ಪಾಲು ಹಂಚಿಕೆ) ಆಗಿದೆ' ಎಂದಿದ್ದರೆ ಯಾವ ವರ್ಷ, ನೋಂದಣಿ ಆಗಿದೆಯೋ, ಎಂ.ಇ. ಬಿದ್ದಿದೆಯೋ ಎಂದು ಆಗಲೇ ಹುಡುಕಿ. ರಾಜಿಗೆ ಜಾಗವಿದ್ದರೆ ಕೋರ್ಟು ಮಧ್ಯಸ್ಥಿಕೆಗೆ ಕಳಿಸಬಹುದು. ಆಗದಿದ್ದರೆ ಇಶ್ಯೂಗಳು (ಕೋರ್ಟು ತೀರ್ಮಾನಿಸಬೇಕಾದ ವಿವಾದದ ಅಂಶಗಳು) ನಿಗದಿಯಾಗುತ್ತವೆ. ಅಲ್ಲಿಂದ 15 ದಿನದೊಳಗೆ ಸಾಕ್ಷಿ ಪಟ್ಟಿ. ನಿಮ್ಮ ಸಾಕ್ಷ್ಯ ಅಫಿಡವಿಟ್ ರೂಪದಲ್ಲಿ ಹೋಗುತ್ತದೆ, ಪಾಟೀಸವಾಲಿಗೆ (ಎದುರು ವಕೀಲರ ಪ್ರಶ್ನೆಗಳಿಗೆ) ಕಟಕಟೆ ಹತ್ತಲೇಬೇಕು. ಆ ದಿನ ಮೂಲ ಪತ್ರ ಅಥವಾ ದೃಢೀಕೃತ ನಕಲು ಕೈಯಲ್ಲಿರಲಿ, ಬರೀ ಜೆರಾಕ್ಸ್‌ಗೆ ನಿಶಾನೆ (ಸಾಕ್ಷ್ಯವಾಗಿ ಗುರುತಿಸುವ ನಂಬರು) ಸಿಗುವುದು ಕಷ್ಟ.